ಓದುಗರ ಪ್ರಶ್ನೆ: ಹಳೆಯ ಸಣ್ಣ ಟ್ರ್ಯಾಕ್ಟರ್ ಕೊಳ್ಳಲೋ, ಬಿಡಲೋ?

ಪ್ರಶ್ನೆ: ಮಾನ್ಯರೆ, ನನ್ನದು ಮೂರೂವರೆ ಎಕರೆಯ ಹಣ್ಣಿನ ತೋಟ. ಸಾಲುಗಳ ನಡುವೆ ಮಣ್ಣು ಪುಡಿಮಾಡುವ ರೋಟವೇಟರ್ ಹೊಡೆಸುವುದಕ್ಕೂ ಗೊಬ್ಬರ ಸಾಗಿಸುವುದಕ್ಕೂ ಇದುವರೆಗೆ ಬಾಡಿಗೆ ಟ್ರ್ಯಾಕ್ಟರನ್ನೇ ಕರೆಸುತ್ತಿದ್ದೆ. ಈಗ ಪರಿಚಯದವರೊಬ್ಬರು 25 ವರ್ಷ ಹಳೆಯದಾದ, 22 ಅಶ್ವಶಕ್ತಿಯ, ಮೂರು ಸಿಲಿಂಡರಿನ ಡೀಸೆಲ್ ಟ್ರ್ಯಾಕ್ಟರೊಂದನ್ನು ಹೊಸದರ ಬೆಲೆಯ ಮೂರನೆಯ ಒಂದು ಪಾಲಿಗೆ ಕೊಡುತ್ತೇನೆ ಎಂದಿದ್ದಾರೆ. ಅದೇ ಗಾಡಿಯಲ್ಲಿ ಅವರು ಬಾಡಿಗೆಗೆ ಟ್ರೇಲರ್ ಹೊಡೆಯುತ್ತಿದ್ದರಂತೆ. ಮೀಟರು 2,900 ಗಂಟೆ ತೋರಿಸುತ್ತಿದೆ. ಇತ್ತೀಚೆಗೆ ಬಣ್ಣ ಹೊಡೆಸಿದ್ದಾರೆ. ನಾನು ನೋಡಲು ಹೋದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆಯೂ ಹೆಚ್ಚು ಕಾಣಲಿಲ್ಲ. ಮನೆಯವರು ಮಾತ್ರ ಹಳೆಯ ಗಾಡಿಯ ಸಹವಾಸವೇ ಬೇಡ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಟ್ರ್ಯಾಕ್ಟರಿನ ವಿವರ ಸಾಕಷ್ಟಿದೆ, ಅದರಿಂದ ಮಾಡಿಸಬೇಕಾದ ಕೆಲಸದ ವಿವರ ಒಂದೇ ಸಾಲಿನಲ್ಲಿ ಮುಗಿದಿದೆ. ನಾನು ಆ ಒಂದು ಸಾಲಿನಿಂದಲೇ ಆರಂಭಿಸುತ್ತೇನೆ. ಇಪ್ಪತ್ತೈದು ವರ್ಷದ ಯಂತ್ರ ಕೆಟ್ಟೇ ಕೆಡುತ್ತದೆ. ಅದೂ ಭಾರ ಬಿದ್ದಾಗ, ಅಂದರೆ ನಿಮಗೆ ಅದು ಬೇಕಾದ ದಿನವೇ ಕೆಡುತ್ತದೆ. ಆದ್ದರಿಂದ ಹಳೆಯ ಟ್ರ್ಯಾಕ್ಟರ್ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಗಾಡಿ ಹತ್ತು ದಿನ ಷೆಡ್ಡಿನಲ್ಲಿ ಬಿಚ್ಚಿಕೊಂಡು ಕೂತರೆ ನನ್ನ ಕೆಲಸ ಕಾಯುತ್ತದೆಯೆ ಎಂಬುದನ್ನು. ಮಣ್ಣಿನ ಹದ ನಾಲ್ಕೇ ದಿನ ಇರುವ ಬಿತ್ತನೆಯ ಹೊಲ ಕಾಯುವುದಿಲ್ಲ. ತೋಟದ ಸಾಲಿನ ಕಳೆ ಕಾಯುತ್ತದೆ, ಗೊಬ್ಬರದ ಗುಡ್ಡೆಯೂ ಕಾಯುತ್ತದೆ. ತೀರಾ ಕಷ್ಟವಾದರೆ ನೀವು ಇದುವರೆಗೆ ಕರೆಸುತ್ತಿದ್ದ ಬಾಡಿಗೆ ಗಾಡಿ ಇದ್ದೇ ಇದೆ. ಮೂರೂವರೆ ಎಕರೆಯಲ್ಲಿ ನಿಮ್ಮ ಬಳಕೆ ವರ್ಷಕ್ಕೆ 100 ಗಂಟೆ ದಾಟುವುದು ಕಷ್ಟವಾದ್ದರಿಂದ, ಎಂಜಿನ್ನಿನಲ್ಲಿ ಇನ್ನು ಸಾವಿರ ಗಂಟೆಯ ಕಸುವು ಉಳಿದಿದ್ದರೂ ಹತ್ತು ವರ್ಷ ಸಾಗುತ್ತದೆ. ಹಾಗಾಗಿ ಹಳೆಯ ಸಣ್ಣ ಟ್ರ್ಯಾಕ್ಟರ್ ಒಪ್ಪುವ ಮನೆ ನಿಮ್ಮದು ಎಂದೇ ನನಗೆ ತೋರುತ್ತದೆ. ಈ ಟ್ರ್ಯಾಕ್ಟರೇ ಒಪ್ಪುತ್ತದೆಯೆ ಎಂಬುದು ಬೇರೆ ಮಾತು, ಅದಕ್ಕೆ ನೀವು ಇನ್ನೊಮ್ಮೆ ಹೋಗಿ ನೋಡಬೇಕು.

ಮೀಟರಿನ ಲೆಕ್ಕವನ್ನು ಮೊದಲು ಮುಗಿಸೋಣ. 2,900 ಗಂಟೆಯನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 116 ಗಂಟೆ, ದಿನಕ್ಕೆ ಇಪ್ಪತ್ತು ನಿಮಿಷವೂ ಆಗುವುದಿಲ್ಲ. ಬಾಡಿಗೆಗೆ ಟ್ರೇಲರ್ ಎಳೆದ ಗಾಡಿ ಇಷ್ಟೇ ಓಡಿದೆ ಎಂಬುದನ್ನು ನಾನಂತೂ ನಂಬಲಾರೆ. ಮಾರುವವರು ಸುಳ್ಳು ಹೇಳುತ್ತಿದ್ದಾರೆಂದು ಇದರ ಅರ್ಥವಲ್ಲ. ಹಳೆಯ ಮೀಟರುಗಳು ಕೇಬಲ್ಲಿನ ಮೂಲಕ ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತವೆಯೇ ಹೊರತು ಕಾಲವನ್ನಲ್ಲ. ನಿಗದಿತ ವೇಗದಲ್ಲಿ ತಿರುಗಿದಾಗ ಮಾತ್ರ ಮೀಟರಿನ ಒಂದು ಗಂಟೆ ಗಡಿಯಾರದ ಒಂದು ಗಂಟೆಗೆ ಸಮವಾಗುತ್ತದೆ, ನಿಧಾನವಾಗಿ ಓಡಿಸಿದಷ್ಟೂ ಅದು ಹಿಂದೆ ಬೀಳುತ್ತದೆ. ಕೇಬಲ್ ತುಂಡಾದ ಮೇಲೆ ಎಷ್ಟೋ ಗಾಡಿಗಳು ವರ್ಷಗಟ್ಟಲೆ ಹಾಗೆಯೇ ಓಡುತ್ತವೆ, ನಾಲ್ಕಂಕಿಯ ಮೀಟರಾದರೆ 9,999 ದಾಟಿ ಸೊನ್ನೆಯಿಂದ ಮತ್ತೆ ಆರಂಭವಾಗಿರಲೂಬಹುದು. ಅದಕ್ಕಿಂತ ಕ್ಲಚ್ ಪೆಡಲನ್ನು ನೋಡಿ. ಅದರ ಗೆರೆಗಳು ಸವೆದು ಒಂದು ಬದಿ ನುಣ್ಣಗಾಗಿದ್ದರೆ, ಟ್ರೇಲರ್ ಕೊಕ್ಕೆಯ ತೂತು ಉರುಟಾಗಿರದೆ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿದ್ದರೆ, ಹಿಂದೆ ಸಲಕರಣೆ ಕಟ್ಟುವ ಕೆಳಗಿನ ಎರಡು ಲಿಂಕ್ ತೋಳುಗಳ ತುದಿಯ ಗುಂಡುಗಳು ಗಡಗಡ ಅಲುಗಾಡಿದರೆ, ಆ ಗಾಡಿ ದುಡಿದ ಗಾಡಿ. ಬಣ್ಣ ಹೊಡೆಯುವವನು ಇವಕ್ಕೂ ಬಣ್ಣ ಬಳಿಯಬಲ್ಲ, ಸವೆದ ಕಬ್ಬಿಣವನ್ನು ಮರಳಿ ತುಂಬಲಾರ.

ಬಣ್ಣದ ಬಗ್ಗೆ ನನಗೆ ದ್ವೇಷವೇನಿಲ್ಲ. ಆದರೆ ಎಂಜಿನ್ ಮತ್ತು ಗೇರ್ ಪೆಟ್ಟಿಗೆ ಕೂಡುವ ಜಾಗದಲ್ಲಿ, ಹಿಂದಿನ ಆಕ್ಸಲ್ಲಿನ ಸೀಲಿನ ಸುತ್ತ, ಆಯಿಲ್ ಮತ್ತು ಧೂಳು ಹೆಪ್ಪುಗಟ್ಟಿದ ಮೇಲೆಯೇ ಬಣ್ಣ ಹೊಡೆದಿದ್ದರೆ ಒಂದು ಸ್ಕ್ರೂ ಡ್ರೈವರಿನಿಂದ ಕೆರೆದು ನೋಡಿ; ಒಳಗೆ ಹಸಿ ಆಯಿಲ್ ಸಿಕ್ಕಿದರೆ ಸೋರಿಕೆಯನ್ನು ಮುಚ್ಚಲೆಂದೇ ಬಣ್ಣ ಬಂದಿದೆ. ಬಣ್ಣ ಕಾಣದ ಹಳೆಯ ಗಾಡಿಯಲ್ಲಿ ಇಷ್ಟು ಕಷ್ಟಪಡಬೇಕಿಲ್ಲ, ಸೋರುವುದು ಸೋರುತ್ತಲೇ ಎದುರಿಗೆ ಕಾಣುತ್ತದೆ. ಅದಕ್ಕಾಗಿ ನಾನು ಕೊಳೆಯಾದ ಗಾಡಿಯನ್ನೇ ಹೆಚ್ಚು ನಂಬುತ್ತೇನೆ.

ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು ಎಂಬ ಮಾತಿಗೆ ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಹೇಳಿದ ಸಮಯಕ್ಕೆ ಸರಿಯಾಗಿ ಹೋದೆ, ಬೀಗದ ಕೈ ತಿರುಗಿಸಿದ ಕೂಡಲೇ ಎಂಜಿನ್ ಗುಡುಗಿತು, ಮುಂಗಡ ಕೊಟ್ಟು ಮನೆಗೆ ತಂದೆ. ಮರುದಿನ ಬೆಳಗ್ಗೆ ಆರು ಗಂಟೆಗೆ ಅದೇ ಎಂಜಿನ್ ಬ್ಯಾಟರಿ ಇಳಿದುಹೋಗುವ ತನಕ ಗರಗುಟ್ಟಿತೇ ಹೊರತು ಹತ್ತಲಿಲ್ಲ. ನಾನು ಹೋಗುವ ಅರ್ಧ ಗಂಟೆ ಮೊದಲು ಅದನ್ನು ಓಡಿಸಿ ಬಿಸಿ ಮಾಡಿ ಇಟ್ಟಿದ್ದರು. ಬಾನೆಟ್ಟಿನೊಳಗೆ ಒಮ್ಮೆ ಕೈಯಿಟ್ಟಿದ್ದರೆ ಸಾಕಿತ್ತು. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ, ಗಾಳಿಯನ್ನು ಒತ್ತಿ ಹಿಂಡಿದಾಗ ಹುಟ್ಟುವ ಶಾಖದಿಂದಲೇ ಇಂಧನ ಹತ್ತಿಕೊಳ್ಳಬೇಕು. ಪಿಸ್ಟನ್ ರಿಂಗು ಮತ್ತು ಲೈನರ್ ಸವೆದು ಗಾಳಿ ಪಕ್ಕದಿಂದ ಜಾರಿದರೆ ಆ ಶಾಖ ಸಾಲದು. ಎಂಜಿನ್ ಬಿಸಿಯಿದ್ದಾಗ ಈ ಕೊರತೆ ಮರೆಯಾಗಿರುತ್ತದೆ. ಹಾಗಾಗಿ ಈ ಸಲ ಬೆಳಗ್ಗೆ ಬೇಗ ಹೋಗಿ, ನಾನು ಬರುವವರೆಗೆ ಗಾಡಿ ಮುಟ್ಟಬೇಡಿ ಎಂದು ಮೊದಲೇ ಹೇಳಿ. ಸಣ್ಣ ಡೀಸೆಲ್ ಎಂಜಿನ್ನುಗಳಲ್ಲಿ ಅನೇಕಕ್ಕೆ ಒಳಗಿನ ಗಾಳಿಯನ್ನು ಕಾಯಿಸುವ ಗ್ಲೋ ಪ್ಲಗ್ ಇರುವುದರಿಂದ ತಣ್ಣಗಿರುವಾಗ ಹತ್ತಿಪ್ಪತ್ತು ಸೆಕೆಂಡು ಬಿಸಿ ಮಾಡಬೇಕಾಗುತ್ತದೆ, ಅದು ದೋಷವಲ್ಲ. ಆದರೆ ಗಾಳಿ ಬಾಯಿಗೆ ಬೇಗ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದೇ ಸ್ಟಾರ್ಟ್ ಮಾಡಬೇಕು ಎಂದರೆ ಅಲ್ಲಿಂದಲೇ ಹಿಂದಿರುಗಬಹುದು. ಗ್ಲೋ ಪ್ಲಗ್ ಬಿಸಿಯಿರುವಾಗ ಅದನ್ನು ಹೊಡೆಯುವುದಂತೂ ಅಪಾಯಕರ.

ಸ್ಟಾರ್ಟ್ ಆದ ಕೂಡಲೇ ಬರುವ ಬಿಳಿ ಹೊಗೆ ಎಂಜಿನ್ ಬಿಸಿಯಾಗುತ್ತ ಮಾಯವಾಗಬೇಕು. ಹಾಗೆಯೇ ಉಳಿದರೆ ಕಂಪ್ರೆಷನ್, ಅಂದರೆ ಗಾಳಿಯನ್ನು ಹಿಂಡುವ ಒತ್ತಡ ಕುಂದಿದೆ, ಇಲ್ಲವೆ ಡೀಸೆಲ್ ಚಿಮ್ಮಿಸುವ ನಾಝಲ್ ಕೆಟ್ಟಿದೆ, ಇಲ್ಲವೆ ಹೆಡ್ ಗ್ಯಾಸ್ಕೆಟ್ಟಿನಿಂದ ನೀರು ಒಳಗಿಳಿಯುತ್ತಿದೆ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಭಾರ ಹಾಕಿದಾಗ ಬರುವ ಕರಿ ಹೊಗೆಗೆ ಅಷ್ಟು ಹೆದರಬೇಕಿಲ್ಲ, ಏರ್ ಕ್ಲೀನರ್ ಕಟ್ಟಿಕೊಂಡಿದ್ದರೂ ಅದು ಬರುತ್ತದೆ. ಅನಂತರ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು, ಅದನ್ನು ಆ ಬಾಯಿಯ ಮೇಲೆಯೇ ಮಗುಚಿ ಸುಮ್ಮನೆ ಇಡಿ. ಸ್ವಲ್ಪ ಕುಣಿದರೆ ಚಿಂತೆಯಿಲ್ಲ. ಹಬೆಯೊಂದಿಗೆ ಹಾರಿಬಿದ್ದರೆ ಮೆಕ್ಯಾನಿಕ್‌ಗಳು ಬ್ಯಾಕ್ ಕಂಪ್ರೆಷನ್ ಎನ್ನುವುದು ಅದನ್ನೇ, ಆ ಎಂಜಿನ್ ಬೋರಿಗೆ, ಅಂದರೆ ಬಿಚ್ಚಿ ಸವೆದ ಸಿಲಿಂಡರ್ ಸರಿಪಡಿಸುವ ಸ್ಥಿತಿಗೆ ಬಂದಿದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ. ಹೊಂಬಣ್ಣದಲ್ಲಿ ತಿಳಿಯಾಗಿದ್ದರೆ ಖುಷಿಪಡಬೇಡಿ, ಡೀಸೆಲ್ ಎಂಜಿನ್ನಿನ ಆಯಿಲ್ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದರಿಂದ ಅದನ್ನು ನಿಮಗಾಗಿಯೇ ಬದಲಿಸಿದ್ದಾರೆ ಎಂದಷ್ಟೇ ತಿಳಿಯುತ್ತದೆ.

ಇಷ್ಟೆಲ್ಲ ಹೇಳಿದರೂ, ಹಳೆಯ ಸಣ್ಣ ಟ್ರ್ಯಾಕ್ಟರಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ಎಂಜಿನ್ ಅಲ್ಲ. ಎಂಜಿನ್ ಬಿಚ್ಚಿ ಕಟ್ಟಬಲ್ಲವರು ಎಲ್ಲೆಡೆ ಸಿಗುತ್ತಾರೆ, ಖರ್ಚನ್ನು ಮೊದಲೇ ಅಂದಾಜು ಮಾಡಬಹುದು. ಹಣವನ್ನು ಸದ್ದಿಲ್ಲದೆ ನುಂಗುವುದು ಅದರ ಹಿಂದಿನ ಭಾಗ. ಬಹುತೇಕ ಟ್ರ್ಯಾಕ್ಟರುಗಳಿಗೆ ಲಾರಿಯಂತೆ ಪ್ರತ್ಯೇಕ ಚಾಸಿಸ್ ಇರುವುದಿಲ್ಲ; ಎಂಜಿನ್, ಕ್ಲಚ್ಚಿನ ಮನೆ, ಗೇರ್ ಪೆಟ್ಟಿಗೆ, ಹಿಂದಿನ ಆಕ್ಸಲ್ ಇವು ಒಂದಕ್ಕೊಂದು ಬೋಲ್ಟಿನಿಂದ ಕೂಡಿಕೊಂಡು ತಾವೇ ಗಾಡಿಯ ಬೆನ್ನೆಲುಬಾಗಿರುತ್ತವೆ. ಆದ್ದರಿಂದ ಒಂದು ಕ್ಲಚ್ ಪ್ಲೇಟ್ ಬದಲಿಸಬೇಕಾದರೂ ಗಾಡಿಯನ್ನು ನಡುವಿನಲ್ಲಿ ಎರಡು ಹೋಳು ಮಾಡಬೇಕು, ಸಾಮಾನಿಗಿಂತ ಕೂಲಿಯೇ ಹೆಚ್ಚಾಗುತ್ತದೆ. ಕ್ಲಚ್ಚನ್ನು ಪರೀಕ್ಷಿಸಲು ಸಮತಟ್ಟಾದ ಜಾಗದಲ್ಲಿ, ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು, ಎಡ ಬಲ ಹಿಂಚಕ್ರಗಳ ಎರಡೂ ಬ್ರೇಕುಗಳನ್ನು ಕೂಡಿಸಿ ಗಟ್ಟಿಯಾಗಿ ತುಳಿದು, ಎಂಜಿನ್ ನಿಧಾನವಾಗಿರುವಾಗ ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಎಂಜಿನ್ ತಿಣುಕಿ ನಿಂತುಹೋಗಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ.

ಗೇರುಗಳನ್ನು ಒಂದೊಂದಾಗಿ ಹಾಕಿ ಭಾರ ಎಳೆಸಿ ನೋಡಿ; ಗೇರು ತಾನಾಗಿಯೇ ಹೊರಗೆ ಹಾರಿದರೆ ಬೆಲೆ ಇಳಿಸಿಕೊಳ್ಳುವ ಮಾತನ್ನೂ ಆಡಬೇಡಿ, ಎದ್ದು ಬನ್ನಿ. ಮಳೆಯಲ್ಲಿ ನಿಂತ ಗಾಡಿಯಾದರೆ ಗೇರ್ ಕೋಲಿನ ಹರಿದ ರಬ್ಬರಿನಿಂದ ನೀರಿಳಿದು ಗೇರ್ ಆಯಿಲ್ ಹಾಲಿನಂತಾಗಿರುವುದು ಸಾಮಾನ್ಯ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಬಹಳಷ್ಟಕ್ಕೆ ಅದೇ ಆಯಿಲ್ ಸಲಕರಣೆಯನ್ನು ಎತ್ತಿಳಿಸುವ ಹೈಡ್ರಾಲಿಕ್ ಲಿಫ್ಟಿಗೂ ಹೋಗುತ್ತದೆ ಎಂಬುದನ್ನು ಮರೆಯಬಾರದು.

ಲಿಫ್ಟನ್ನು ಬರಿದೇ ಏರಿಸಿ ಇಳಿಸಿ ತೋರಿಸಿದರೆ ಒಪ್ಪಬೇಡಿ. ನೀವು ಹೊಡೆಯಬೇಕೆಂದಿರುವ ರೋಟವೇಟರನ್ನೇ ಅಥವಾ ಅಷ್ಟೇ ತೂಕದ ಬೇರೆ ಸಲಕರಣೆಯನ್ನು ಕಟ್ಟಿಸಿ, ಪೂರ್ತಿ ಮೇಲೆತ್ತಿ, ಎಂಜಿನ್ ಆಫ್ ಮಾಡಿ ದೂರ ನಿಂತು ನೋಡುತ್ತಿರಿ. ಕೆಳಗೆ ಯಾರೂ ಕೈಕಾಲು ಹಾಕದಿರಲಿ. ಹತ್ತು ನಿಮಿಷದಲ್ಲಿ ನಾಲ್ಕು ಬೆರಳಿನಷ್ಟು ಇಳಿದರೆ ಹಳೆಯ ಗಾಡಿಗೆ ಅದು ಸಹಜ, ನೋಡುನೋಡುತ್ತಲೇ ನೆಲಕ್ಕೆ ಕೂತರೆ ಸಿಲಿಂಡರಿನ ಸೀಲೋ ವಾಲ್ವೋ ಹೋಗಿದೆ. ಎಂಜಿನ್ ಓಡುವಾಗ ಮೇಲೆತ್ತಿದ ಸಲಕರಣೆ ತಲೆದೂಗಿದಂತೆ ಮೇಲೆ ಕೆಳಗೆ ಆಡುತ್ತಿದ್ದರೂ ಅದೇ ಕಾರಣ.

ಪಿ.ಟಿ.ಓ., ಅಂದರೆ ಎಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಸಲಕರಣೆಗೆ ಒದಗಿಸುವ ತಿರುಗುವ ಶಾಫ್ಟಿನ ವಿಷಯದಲ್ಲಿ ಎರಡು ಮಾತು. ರೋಟವೇಟರಿಗೆ ಬೇಕಾದದ್ದು ನಿಮಿಷಕ್ಕೆ 540 ಸುತ್ತು, ಆರು ಹಲ್ಲಿನ ಸುಮಾರು 35 ಮಿಲಿಮೀಟರ್ ದಪ್ಪದ ಶಾಫ್ಟು. ಹಲ್ಲುಗಳು ಚೂಪಾಗಿ ಸವೆದಿದ್ದರೆ ಗಮನಿಸಿ. 22 ಅಶ್ವಶಕ್ತಿ ಎಂಬುದು ಎಂಜಿನ್ನಿನ ಲೆಕ್ಕ, ಪಿ.ಟಿ.ಓ. ಶಾಫ್ಟಿಗೆ ಬರುವಾಗ ಅದರಲ್ಲಿ ಶೇಕಡಾ 10ರಿಂದ 15ರಷ್ಟು ಕಡಿಮೆಯಾಗುತ್ತದೆ, ಹಳೆಯ ಎಂಜಿನ್ನಿನಲ್ಲಿ ಇನ್ನೂ ಸ್ವಲ್ಪ. ಹಾಗಾಗಿ ಬಾಡಿಗೆ ಗಾಡಿ ಎಳೆಯುತ್ತಿದ್ದ ಅಗಲದ ರೋಟವೇಟರನ್ನು ಇದಕ್ಕೆ ಕಟ್ಟುವ ಆಸೆ ಬಿಡಬೇಕು. ಕ್ಲಚ್ ಒಂದೇ ಹಂತದ್ದೋ ಎರಡು ಹಂತದ್ದೋ ಎಂಬುದನ್ನೂ ಕೇಳಿ. ಒಂದೇ ಹಂತದ್ದಾದರೆ ಗೇರು ಬದಲಿಸಲು ಕ್ಲಚ್ ತುಳಿದಾಗಲೆಲ್ಲ ರೋಟವೇಟರೂ ನಿಲ್ಲುತ್ತದೆ, ಮರಗಳ ನಡುವೆ ಪದೇ ಪದೇ ತಿರುಗಿಸಬೇಕಾದ ತೋಟದಲ್ಲಿ ಅದು ಬೇಗನೆ ಬೇಸರ ತರಿಸುತ್ತದೆ.

ಮುಂದಿನ ಭಾಗಕ್ಕೆ ಜಾಕ್ ಕೊಟ್ಟು ಎರಡೂ ಚಕ್ರಗಳನ್ನು ಹಿಡಿದು ಅಲ್ಲಾಡಿಸಿ, ಕಿಂಗ್ ಪಿನ್, ಬೇರಿಂಗು, ಆಕ್ಸಲ್ಲಿನ ನಡುವಿನ ಪಿನ್ನು ಎಲ್ಲದರ ಸವೆತವೂ ಕೈಗೆ ತಿಳಿಯುತ್ತದೆ. ಇವು ದೊಡ್ಡ ಖರ್ಚಿನವಲ್ಲ. ಹಿಂದಿನ ಟಯರುಗಳು ದೊಡ್ಡ ಖರ್ಚು. ಗುಬುಟು ಎಷ್ಟೇ ಎತ್ತರವಿದ್ದರೂ ಪಕ್ಕದ ಗೋಡೆಯಲ್ಲಿ ಆಳವಾದ ಬಿರುಕಿದ್ದರೆ ಟಯರ್ ಮುಗಿದಂತೆಯೇ. ಭಾರಕ್ಕೆಂದು ಟಯರಿನೊಳಗೆ ನೀರು ತುಂಬಿಸಿದ್ದ ಗಾಡಿಯಾದರೆ ವಾಲ್ವಿನ ಸುತ್ತ ರಿಮ್ ತುಕ್ಕು ಹಿಡಿದಿದೆಯೇ ನೋಡಿಕೊಳ್ಳಿ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ. ನಿಮ್ಮ ಪತ್ರದಲ್ಲಿ ಗಾಡಿಯ ಕಂಪನಿ, ಮಾಡೆಲ್ ಎರಡೂ ಇಲ್ಲ. ಟ್ರ್ಯಾಕ್ಟರಿನ ವಯಸ್ಸಿಗಿಂತ ಅದೇ ಮಾಡೆಲಿನವು ಎಷ್ಟು ತಯಾರಾಗಿದ್ದವು ಎಂಬುದೇ ಅದರ ಉಳಿದ ಆಯುಷ್ಯವನ್ನು ನಿರ್ಧರಿಸುತ್ತದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ 1946ರಿಂದ 1956ರವರೆಗೆ ತಯಾರಾದ ಫರ್ಗ್ಯೂಸನ್ ಟಿ.ಇ.20 ಎಂಬ ಸಣ್ಣ ಬೂದು ಟ್ರ್ಯಾಕ್ಟರ್ ಐದು ಲಕ್ಷಕ್ಕೂ ಹೆಚ್ಚು ಹೊರಬಂದಿತ್ತು, ಅಮೆರಿಕದಲ್ಲಿ 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಕೂಡ ಅಷ್ಟೇ. ಇಂದಿಗೂ ಇವೆರಡಕ್ಕೂ ಗ್ಯಾಸ್ಕೆಟ್ಟು, ಪಿಸ್ಟನ್ನು, ಕ್ಲಚ್ ಪ್ಲೇಟು ಹೊಸದಾಗಿಯೇ ಸಿಗುತ್ತವೆ. ಅದೇ ಕೆಲವೇ ಸಾವಿರ ಮಾರಾಟವಾಗಿ ನಿಂತುಹೋದ ಮಾಡೆಲಾದರೆ ಹದಿನೈದು ವರ್ಷಕ್ಕೇ ಒಂದು ನೀರಿನ ಪಂಪಿಗಾಗಿ ಗುಜರಿ ಅಂಗಡಿಗಳನ್ನು ಸುತ್ತಬೇಕಾಗುತ್ತದೆ. ಹಣ ಕೊಡುವ ಮೊದಲು ಎಂಜಿನ್ ನಂಬರನ್ನೂ ಚಾಸಿಸ್ ನಂಬರನ್ನೂ ಬರೆದುಕೊಂಡು (ಅವು ಕಾಗದಪತ್ರಗಳಿಗೆ ತಾಳೆಯಾಗುತ್ತವೆಯೇ ಎಂದು ಆಗಲೇ ನೋಡಿಕೊಳ್ಳಿ) ಬಿಡಿಭಾಗದ ಅಂಗಡಿಯೊಂದಕ್ಕೆ ಹೋಗಿ ಐದು ಸಾಮಾನು ಕೇಳಿ: ಕ್ಲಚ್ ಪ್ಲೇಟು, ಹೆಡ್ ಗ್ಯಾಸ್ಕೆಟ್ಟು, ನೀರಿನ ಪಂಪು, ನಾಝಲ್, ಹೈಡ್ರಾಲಿಕ್ ಪಂಪಿನ ಸೀಲುಗಳು. ನಾಲ್ಕಾದರೂ ಇದೆ ಎಂದರೆ ಮುಂದುವರಿಯಿರಿ. ತರಿಸಿ ನೋಡೋಣ ಎಂಬ ಉತ್ತರ ಬಂದರೆ ಅದನ್ನು ಇಲ್ಲ ಎಂದೇ ತಿಳಿಯುವುದು ಒಳ್ಳೆಯದು.

ಮನೆಯವರ ಆತಂಕದಲ್ಲಿ ಹಣದ ಚಿಂತೆಯಷ್ಟೇ ಅಲ್ಲದೆ ನಿಮ್ಮ ಜೀವದ ಚಿಂತೆಯೂ ಇದ್ದಿರಬಹುದು, ಅದು ಸಕಾರಣವಾದದ್ದೇ. ಸಣ್ಣ ಟ್ರ್ಯಾಕ್ಟರ್ ಹಗುರ, ಕಡಿಮೆ ಅಗಲದ್ದು, ಬೇಗ ಮಗುಚುತ್ತದೆ. ಮುಂಭಾಗ ಮೇಲೆದ್ದು ಹಿಂದಕ್ಕೆ ಮಗುಚಲು ಒಂದೂವರೆ ಸೆಕೆಂಡು ಸಾಕು, ಚಾಲಕ ಜಿಗಿಯುವಷ್ಟು ವ್ಯವಧಾನವೂ ಇರುವುದಿಲ್ಲ. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಚಾಲಕನನ್ನು ಕಾಯುವ ಉಕ್ಕಿನ ಚೌಕಟ್ಟನ್ನು ಕಡ್ಡಾಯ ಮಾಡಿತು, ಆದರೂ ಇಂದಿಗೂ ಅದಿಲ್ಲದ ಹಳೆಯ ಗಾಡಿಗಳು ಕೈಯಿಂದ ಕೈಗೆ ಹೋಗುತ್ತಲೇ ಇವೆ. ನೀವು ನೋಡಿದ ಗಾಡಿಗೆ ಆ ಕಮಾನು ಇಲ್ಲದಿದ್ದರೆ ಅದೇ ಮಾಡೆಲಿಗೆಂದು ಪರೀಕ್ಷಿಸಿ ತಯಾರಿಸಿದ್ದನ್ನು ಸೀಟ್ ಬೆಲ್ಟಿನೊಂದಿಗೆ ಹಾಕಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಮಾಡಿಸಿದ್ದು ನೆರಳಿನ ಬಟ್ಟೆ ಕಟ್ಟಲು ಸಾಕು, ಮಗುಚಿದಾಗ ತಡೆಯುವುದಿಲ್ಲ. ಕೊಂಬೆಗಳ ಕೆಳಗೆ ನುಗ್ಗಬೇಕಾದ ತೋಟಕ್ಕೆ ಮಡಿಸುವ ಕಮಾನು ಅನುಕೂಲ, ಹೊರಗೆ ಬಂದ ಮೇಲೆ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಅಭ್ಯಾಸವಿದ್ದರೆ.

ಒಟ್ಟಿನಲ್ಲಿ ನಿಮ್ಮ ಜಾಗದಲ್ಲಿ ನಾನಿದ್ದರೆ, ಬಿಡಿಭಾಗ ಸಿಗುತ್ತದೆಂದು ಖಚಿತಪಡಿಸಿಕೊಂಡು, ತಣ್ಣನೆಯ ಸ್ಟಾರ್ಟು, ಗೇರು, ಲಿಫ್ಟು ಈ ಮೂರೂ ಸರಿಯಿದ್ದರೆ, ಟಯರು ಮತ್ತು ಕ್ಲಚ್ಚಿನ ಖರ್ಚನ್ನು ಬೆಲೆಯಲ್ಲಿ ಕಳೆದು ಕೊಳ್ಳುತ್ತಿದ್ದೆ. ಮೂರರಲ್ಲಿ ಒಂದು ತಪ್ಪಿದರೂ ಕೊಳ್ಳುತ್ತಿರಲಿಲ್ಲ.

ಪ್ರಶ್ನೆ: ಸಂಬಂಧಿಕರ ಷೆಡ್ಡಿನಲ್ಲಿ ಐದು ವರ್ಷದಿಂದ ಓಡಿಸದೆ ನಿಲ್ಲಿಸಿದ ಸಣ್ಣ ಟ್ರ್ಯಾಕ್ಟರ್ ಇದೆ. ನಿಲ್ಲಿಸುವಾಗ ಚೆನ್ನಾಗಿಯೇ ಓಡುತ್ತಿತ್ತಂತೆ. ಬಳಸದೆ ಇದ್ದದ್ದರಿಂದ ಸವೆತ ಕಡಿಮೆಯಲ್ಲವೆ?

ಉತ್ತರ: ನಿಂತ ಯಂತ್ರ ಸವೆಯುವುದಿಲ್ಲ, ಕೊಳೆಯುತ್ತದೆ. ಟ್ಯಾಂಕಿನ ಡೀಸೆಲ್ ಅಂಟಾಗಿ ಪಂಪು, ನಾಝಲ್ ಕಟ್ಟಿಕೊಂಡಿರುತ್ತವೆ, ರಬ್ಬರಿನ ಸೀಲುಗಳು ಒಣಗಿ ಸೀಳಿರುತ್ತವೆ, ಇಲಿಗಳು ವೈರು ಕಡಿದಿರುತ್ತವೆ, ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವ್ಹೀಲಿಗೆ ಅಂಟಿರುವುದೂ ಉಂಟು. ಸೈಲೆನ್ಸರಿನ ಬಾಯಿ ತೆರೆದೇ ಇದ್ದು ಮಳೆನೀರು ಇಳಿದಿದ್ದರೆ ಸಿಲಿಂಡರಿನಲ್ಲಿ ಪಿಸ್ಟನ್ನೇ ಹಿಡಿದಿರಬಹುದು. ಹೊಸ ಬ್ಯಾಟರಿ ತಂದು ಒಮ್ಮೆಲೇ ಸೆಲ್ಫ್ ಹೊಡೆಯಬೇಡಿ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಎಂಜಿನ್ ನಿಲ್ಲಿಸುವ ಲಿವರನ್ನು ಎಳೆದಿಟ್ಟು, ಮುಂದಿನ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ ನೋಡಿ. ಸರಾಗವಾಗಿ ತಿರುಗಿ, ಕಂಪ್ರೆಷನ್ ಬಂದಲ್ಲಿ ಕೈಗೆ ಎದುರು ಒತ್ತಿದರೆ ಆಸೆಯಿದೆ. ತಿರುಗದಿದ್ದರೆ, ಎಂಜಿನ್ ಪೂರ್ತಿ ಬಿಚ್ಚುವ ಖರ್ಚನ್ನು ಕಳೆದು ಉಳಿಯುವುದಷ್ಟೇ ಅದರ ಬೆಲೆ. ಸಂಬಂಧಿಕರಿಗೆ ಈ ಮಾತನ್ನು ಹೇಳುವುದು ಗಾಡಿ ಬಿಚ್ಚುವುದಕ್ಕಿಂತ ಕಷ್ಟವೆಂಬುದೂ ನನಗೆ ಗೊತ್ತು.

ಪ್ರಶ್ನೆ: ಹಳೆಯ ಸಣ್ಣ ಟ್ರ್ಯಾಕ್ಟರ್ ಕೊಳ್ಳುವಾಗ ನಾಲ್ಕೂ ಚಕ್ರ ಎಳೆಯುವುದನ್ನೇ ಹುಡುಕಬೇಕೆ?

ಉತ್ತರ: ಕೆಸರು, ಇಳಿಜಾರು ಇದ್ದರೆ ಹೌದು, ಹಗುರವಾದ ಗಾಡಿಗೆ ಅದರಿಂದ ಹಿಡಿತ ಬಹಳ ಹೆಚ್ಚುತ್ತದೆ. ಸಮತಟ್ಟಾದ ಒಣ ನೆಲಕ್ಕೆ ಎರಡು ಚಕ್ರದ್ದೇ ಸಾಕು, ಕೆಡುವ ಭಾಗಗಳೂ ಕಡಿಮೆ. ನಾಲ್ಕು ಚಕ್ರದ್ದನ್ನೇ ಕೊಳ್ಳುವುದಾದರೆ ಟಯರಿನ ಅಳತೆಯನ್ನು ಮೊದಲು ಓದಿ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಶೇಕಡಾ 1ರಿಂದ 5ರಷ್ಟು ಮಾತ್ರ ಬೇಗ ಸಾಗುವಂತೆ ಗೇರುಗಳ ಲೆಕ್ಕ ಹಾಕಿರುತ್ತಾರೆ. ಹಿಂದಿನ ಮಾಲೀಕರು ಸಿಕ್ಕಿದ ಅಳತೆಯ ಟಯರು ಹಾಕಿಸಿದ್ದರೆ ಆ ಲೆಕ್ಕ ತಪ್ಪಿ ಮುಂದಿನ ಗೇರುಗಳು ಪ್ರತಿ ಹೆಜ್ಜೆಗೂ ಹಿಂಡಿಕೊಂಡಿರುತ್ತವೆ. ಮೆತ್ತನೆಯ ಮಣ್ಣಿನಲ್ಲಿ ಮುಂದಿನ ಚಕ್ರಗಳಿಗೂ ಎಳೆತ ಕೊಡುವ ಲಿವರ್ ಹಾಕಿ ಓಡಿಸಿ, ಅನಂತರ ತೆಗೆದು ನೋಡಿ. ತೆಗೆಯುವಾಗ ಲಿವರ್ ಕಚ್ಚಿ ಹಿಡಿದುಕೊಂಡರೆ, ಅಥವಾ ಮುಂದಿನ ಎರಡೂ ಚಕ್ರಗಳ ಗುಂಬದ ಕೆಳಗೆ ಗೇರ್ ಆಯಿಲ್ ಒಸರುತ್ತಿದ್ದರೆ, ಆ ಜೋಡಣೆಯನ್ನು ಬಿಚ್ಚಿ ನೋಡದೆ ಮುಂಗಡ ಕೊಡಬೇಡಿ.